ಒಂದು ಕೆರೆ, ಹನ್ನೆರಡು ತಿಂಗಳು: ಬೆಂಗಳೂರಿನಲ್ಲಿ ನೀರುಹಕ್ಕಿ ಎಣಿಸುವ ಕ್ರಮ

“ಮೊದಲೆಲ್ಲ ಈ ಕೆರೆ ತುಂಬ ಹಕ್ಕಿ ಇರ್ತಿತ್ತು ಸಾರ್” ಎನ್ನುವ ಮಾತು ಬೆಂಗಳೂರಿನ ಯಾವ ಕೆರೆ ಏರಿಯ ಮೇಲೆ ನಿಂತರೂ ಕಿವಿಗೆ ಬೀಳುತ್ತದೆ. ಯಾವ ಹಕ್ಕಿ, ಎಷ್ಟು, ಯಾವ ತಿಂಗಳಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಫೋಟೋ ಸಾವಿರಾರು ಇರುತ್ತವೆ, ಲೆಕ್ಕ ಮಾತ್ರ ಇರುವುದಿಲ್ಲ. ಹೂಳೆತ್ತಲು ಟೆಂಡರ್ ಆದಾಗ, ನಡುಗಡ್ಡೆ ಬಿಡಿ, ಜೊಂಡು ಪೂರ್ತಿ ಕೀಳಬೇಡಿ ಎಂದು ಅರ್ಜಿ ಹಿಡಿದು ಹೋದವರ ಕೈಯಲ್ಲಿ ಇರಬೇಕಾದದ್ದು ಆ ಲೆಕ್ಕ. ಅದನ್ನು ಮಾಡಲು ಪಿಎಚ್‌ಡಿ ಬೇಕಿಲ್ಲ. ಪ್ರತಿ ತಿಂಗಳೂ ಒಂದೇ ರೀತಿ ಎಣಿಸಬೇಕು, ಎಣಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆದಿಡಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ವರ್ಷದ ದುಡಿಮೆ ನೀರುಪಾಲು.

ಕೆರೆ ಆರಿಸುವಾಗ

ಹೆಸರಾದ ಕೆರೆ ಬೇಡ, ಹತ್ತಿರದ ಕೆರೆ ಬೇಕು. ಮನೆಯಿಂದ ಹದಿನೈದು ನಿಮಿಷದಲ್ಲಿ ತಲುಪುವಂತಿದ್ದರೆ ಮಾತ್ರ ಡಿಸೆಂಬರಿನ ಚಳಿಯಲ್ಲೂ ಜುಲೈನ ಮೋಡದಲ್ಲೂ ತಪ್ಪದೆ ಹೋಗುತ್ತೀರಿ. ಅಳತೆಯನ್ನೂ ನೋಡಿ. ಕೈಕೊಂಡ್ರಹಳ್ಳಿಯಂಥ ಸುಮಾರು 48 ಎಕರೆಯ ಕೆರೆಯನ್ನು ಇಬ್ಬರು ಎರಡು ಗಂಟೆಯಲ್ಲಿ ಮುಗಿಸಬಹುದು. ಬೆಳ್ಳಂದೂರು ಸುಮಾರು 900 ಎಕರೆ, ಇಬ್ಬರಿಗೆ ಆಗುವ ಕೆಲಸವಲ್ಲ. ಅಲ್ಲಿ ಒಂದು ಮೂಲೆಯನ್ನಷ್ಟೇ ಹಿಡಿದುಕೊಂಡು, ಬರೆಯುವಾಗಲೂ ಆ ಮೂಲೆಯ ಹೆಸರನ್ನೇ ಬರೆಯಿರಿ.

ಮೊದಲ ದಿನ ಎಣಿಸಬೇಡಿ. ಬರಿಗೈಯಲ್ಲಿ ಒಂದು ಸುತ್ತು ಹಾಕಿ ನಕ್ಷೆ ಬರೆಯಿರಿ: ಏರಿ ಎಲ್ಲಿ, ತೂಬು ಎಲ್ಲಿ, ಕೋಡಿ ಎಲ್ಲಿ, ರಾಜಕಾಲುವೆ ಯಾವ ಕಡೆಯಿಂದ ಸೇರುತ್ತದೆ, ಜೊಂಡು ಎಲ್ಲಿಂದ ಎಲ್ಲಿಯವರೆಗೆ, ನಡುಗಡ್ಡೆ ಎಷ್ಟು. ಜಕ್ಕೂರಿನಂತೆ ಶುದ್ಧೀಕರಣ ಘಟಕದ ನೀರು ಜೌಗಿನ ಮೂಲಕ ಹಾದು ಒಳಬರುವ ಕಡೆ, ಹಕ್ಕಿಗಳ ಅರ್ಧ ವ್ಯವಹಾರ ಆ ಜೌಗಿನಲ್ಲೇ ನಡೆಯುತ್ತದೆ. ಅದನ್ನು ಬಿಟ್ಟು ತೆರೆದ ನೀರು ಮಾತ್ರ ನೋಡಿದರೆ ಲೆಕ್ಕ ಅಲ್ಲೇ ಹಾಳು.

ನಕ್ಷೆಯ ಮೇಲೆ ನಾಲ್ಕರಿಂದ ಆರು ನಿಲ್ಲುವ ಜಾಗ ಗುರುತಿಸಿ. ಎಲ್ಲ ನೀರೂ ಯಾವುದಾದರೊಂದು ಜಾಗದಿಂದ ಕಾಣಬೇಕು, ಯಾವ ನೀರೂ ಎರಡು ಜಾಗದ ಪಾಲಿಗೆ ಬರಬಾರದು. ಗಡಿ ಮನಸ್ಸಿನಲ್ಲಿದ್ದರೆ ಸಾಲದು. “ಎದುರು ದಂಡೆಯ ನೀಲಿ ಟ್ಯಾಂಕಿನಿಂದ ಒಂಟಿ ಅತ್ತಿಮರದವರೆಗೆ” ಎಂದು ಬರೆದಿಡಿ. ಮುಂದಿನ ತಿಂಗಳು ನಿಮ್ಮ ಬದಲು ಬೇರೆಯವರು ಬಂದರೂ ಅದೇ ನೀರನ್ನು ಎಣಿಸುವಂತಿರಬೇಕು.

ಹೊಸಬರು ಮೊದಲು ಎಡವುವುದು ಬೆಳಕಿನ ವಿಷಯದಲ್ಲಿ. ಬೆಳಗ್ಗೆ ಪಶ್ಚಿಮ ದಂಡೆಯಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಬಾತು, ನೀರುಕಾಗೆ, ನಾಮದ ಕೋಳಿ (ಕೂಟ್) ಎಲ್ಲವೂ ಕರಿ ಬೊಟ್ಟು. ಸೂರ್ಯ ಬೆನ್ನಿಗಿರುವಂತೆ ಪೂರ್ವದ ದಂಡೆಯಿಂದ ನಡುನೀರು ಎಣಿಸಿ. ಪಶ್ಚಿಮದ ಜಾಗದಿಂದ ಆ ದಂಡೆಯ ಬುಡದ ಜೊಂಡು, ಮರ, ಕೆಸರು ಇಷ್ಟನ್ನೇ ನೋಡಿ.

ಹಲವು ಕೆರೆಗಳ ಗೇಟು ಬೆಳಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಬೋರ್ಡಿನಲ್ಲಿರುವ ವೇಳೆಗೂ ಕಾವಲುಗಾರರು ಬೀಗ ತೆಗೆಯುವ ವೇಳೆಗೂ ಅರ್ಧ ಗಂಟೆ ಹೆಚ್ಚುಕಡಿಮೆ ಇರುವುದುಂಟು. ಮೊದಲ ದಿನವೇ ಅವರನ್ನು ಮಾತಾಡಿಸಿಡಿ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿ ಸಂರಕ್ಷಣಾ ಮೀಸಲು, ತುರಹಳ್ಳಿ ಕಾಡು, ಇಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಶುರು ಮಾಡಿ. ಡ್ರೋನ್ ಹಾರಿಸುವ ಯೋಚನೆ ಬಿಡಿ. ಹಕ್ಕಿ ಬೆದರುವುದು ಒಂದು ಕಡೆಯಾದರೆ, ಯಲಹಂಕ, ಜಕ್ಕೂರು ಸುತ್ತ ವಿಮಾನ ನೆಲೆಗಳಿವೆ.

ಬೇಕಾಗುವ ಸಾಮಾನು

8x42 ಬೈನಾಕ್ಯುಲರ್. 8 ಎಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ, 42 ಎಂದರೆ ಮುಂದಿನ ಗಾಜಿನ ಅಡ್ಡಳತೆ ಮಿಲಿಮೀಟರಿನಲ್ಲಿ. ದೊಡ್ಡದನ್ನು ಸಣ್ಣದರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಕಂಬಿಯ ಅಗಲ, ಅಂದರೆ 5.25 ಮಿ.ಮೀ. ಜೇಬಿಗೆ ಹಿಡಿಯುವ 8x21ರಲ್ಲಿ ಅದು 2.6ಕ್ಕೆ ಇಳಿಯುತ್ತದೆ, ಮೋಡದ ಬೆಳಗಿನಲ್ಲಿ ಮಬ್ಬು. 10 ಪಟ್ಟಿನದ್ದು ಆಸೆ ಹುಟ್ಟಿಸುತ್ತದೆ, ಆದರೆ ಕೈನಡುಕವೂ ಹತ್ತು ಪಟ್ಟು. ಕೊಂಡವರಲ್ಲಿ ಬಹಳ ಮಂದಿ ಬಲಗಣ್ಣಿನ ಉಂಗುರವನ್ನು ತಿರುಗಿಸಿಯೇ ಇರುವುದಿಲ್ಲ. ಬಲಗಡೆಯ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿಗೆ ನಡುವಿನ ಚಕ್ರದಿಂದ ಒಂದು ಬೋರ್ಡಿನ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಉಂಗುರದಿಂದ ಬಲಗಣ್ಣಿಗೆ ಅದೇ ಅಕ್ಷರ ಸ್ಪಷ್ಟ ಮಾಡಿ. ಕನ್ನಡಕದವರು ಕಣ್ಣಿನ ಬಟ್ಟಲನ್ನು ಕೆಳಗಿಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕಾಣುವ ವೃತ್ತ ಕಿರಿದಾಗುತ್ತದೆ.

ದೊಡ್ಡ ಕೆರೆಗೆ ಗುಂಪಿನಲ್ಲಿ ಒಂದು ಸ್ಪಾಟಿಂಗ್ ಸ್ಕೋಪ್ ಇದ್ದರೆ ಒಳ್ಳೆಯದು. ಮಾರ್ಚ್-ಏಪ್ರಿಲಿನಲ್ಲಿ ಒಂಬತ್ತೂವರೆ ಆದ ಮೇಲೆ ಬಿಸಿಗಾಳಿಗೆ ನೀರಿನ ಮೇಲಿನ ಚಿತ್ರ ಕುಣಿಯತೊಡಗುತ್ತದೆ, ಆಗ ಸ್ಕೋಪೂ ಅಷ್ಟೆ. ಇನ್ನು ಪಾಕೆಟ್ ನೋಟ್‌ಬುಕ್, ಪೆನ್ಸಿಲ್ (ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ), ನೀರು, ಟೋಪಿ, ಪಾದ ಪೂರ್ತಿ ಮುಚ್ಚುವ ಶೂ. ಏರಿಯ ಕಲ್ಲುಸಂದಿಯಲ್ಲೂ ಹುಲ್ಲಿನಲ್ಲೂ ಕೊಳಕುಮಂಡಲ, ನಾಗರ ಇರುತ್ತವೆ. ಚಪ್ಪಲಿಯಲ್ಲಿ ಇಳಿಯಬೇಡಿ.

ಹೊತ್ತು

ಬೆಂಗಳೂರಿನಲ್ಲಿ ಸೂರ್ಯೋದಯ ಜೂನ್ ಮೊದಲಲ್ಲಿ ಆರಕ್ಕೆ ಮುಂಚೆ, ಜನವರಿ ಕೊನೆಯಲ್ಲಿ ಆರೂ ಮುಕ್ಕಾಲಿನ ಆಸುಪಾಸು. ಹಾಗಾಗಿ “ಬೆಳಗ್ಗೆ ಏಳು” ಎಂದು ಗಡಿಯಾರ ಹಿಡಿಯಬೇಡಿ. “ಸೂರ್ಯೋದಯದ ಅರ್ಧ ಗಂಟೆಯ ನಂತರ” ಎಂದು ಹಿಡಿಯಿರಿ. ಒಂಬತ್ತರ ಒಳಗೆ ಮುಗಿಸಿ. ನೆಲ ಕಾದು ಗಾಳಿ ಮೇಲೇಳತೊಡಗಿದರೆ ಹೆಜ್ಜಾರ್ಲೆಗಳು (ಪೆಲಿಕನ್) ಅದನ್ನೇರಿ ಬೇರೆ ಕೆರೆಗೆ ಹೊರಟುಬಿಡುತ್ತವೆ, ಅಲ್ಲಿ ಎಣಿಸುತ್ತಿರುವವರ ಪುಸ್ತಕಕ್ಕೂ ಸೇರುತ್ತವೆ. ತಿಂಗಳ ಒಂದೇ ವಾರ ಗೊತ್ತುಮಾಡಿಕೊಳ್ಳಿ, ಎರಡನೇ ಭಾನುವಾರ ಎಂದರೆ ಎರಡನೇ ಭಾನುವಾರ. ಜೋರು ಮಳೆ, ಗಾಳಿ ಇದ್ದರೆ ಮರುದಿನಕ್ಕೆ ಮುಂದೂಡಿ, ಮುಂದೂಡಿದ್ದನ್ನು ಬರೆಯಿರಿ.

ಎಣಿಸುವ ಬಗೆ

ಒಂದು ಜಾಗದಲ್ಲಿ ಹದಿನೈದು ನಿಮಿಷ. ಬಂದ ಕೂಡಲೇ ಹತ್ತಿರದ, ಬೆದರುವ ಹಕ್ಕಿಗಳನ್ನು ಮೊದಲು ಮುಗಿಸಿ: ದಂಡೆಯ ಕೊಳದ ಬಕ, ಮಿಂಚುಳ್ಳಿ, ಜೊಂಡಿನಂಚಿನ ಹುಂಡುಕೋಳಿ. ಆಮೇಲೆ ನಡುನೀರು, ಎಡದಿಂದ ಬಲಕ್ಕೆ, ನಿಧಾನವಾಗಿ. ಒಬ್ಬರು ಕಣ್ಣು ತೆಗೆಯದೆ ಹೇಳುತ್ತಾ ಹೋಗಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಪುಸ್ತಕಕ್ಕೆ ತಲೆ ಬಗ್ಗಿಸಿದ ಹೊತ್ತಿಗೆ ಗುಂಪು ಕದಲಿರುತ್ತದೆ. ಒಬ್ಬರೇ ಇದ್ದರೆ ಫೋನಿನ ರೆಕಾರ್ಡರ್‌ಗೆ ಹೇಳಿ, ಆಮೇಲೆ ಬರೆದುಕೊಳ್ಳಿ.

ಗುಂಪು ದೊಡ್ಡದಿದ್ದರೆ ಮೊದಲು ಒಂದೊಂದಾಗಿ ಹತ್ತು ಎಣಿಸಿ. ಆ ಹತ್ತು ಹಕ್ಕಿ ಬೈನಾಕ್ಯುಲರಿನ ವೃತ್ತದಲ್ಲಿ ಎಷ್ಟು ಜಾಗ ಹಿಡಿಯಿತು ಎಂಬುದು ನಿಮ್ಮ ಸೇರು. ಅದರಿಂದ ಅಳೆಯುತ್ತಾ ಹೋಗಿ, “ಹತ್ತು, ಇಪ್ಪತ್ತು, ಮೂವತ್ತು” ಎಂದು. ಗುಂಪಿನ ಅಂಚಿನಲ್ಲಿ ಹಕ್ಕಿ ವಿರಳ, ನಡುವೆ ದಟ್ಟ. ಅಂಚಿನಲ್ಲಿ ಅಳೆದ ಹತ್ತನ್ನು ನಡುವಿಗೆ ಹಚ್ಚಿದರೆ ಲೆಕ್ಕ ಕಡಿಮೆ ಬರುತ್ತದೆ. ಗುಂಪು ದೊಡ್ಡದಾದಷ್ಟೂ ನಮ್ಮ ಕಣ್ಣು ಕಡಿಮೆಯನ್ನೇ ಹೇಳುತ್ತದೆ. ಇದನ್ನು ತಿದ್ದಿಕೊಳ್ಳಲು ಒಂದು ಉಪಾಯ: ಗುಂಪಿನ ಫೋಟೋ ತೆಗೆದು, ಸ್ಥಳದಲ್ಲೇ ಅಂದಾಜು ಬರೆದು, ಮನೆಯಲ್ಲಿ ಫೋಟೋದ ಮೇಲೆ ಒಂದೊಂದಕ್ಕೂ ಚುಕ್ಕೆ ಇಟ್ಟು ಎಣಿಸಿ ತಾಳೆ ನೋಡಿ. ನಾಲ್ಕೈದು ಸಲ ಮಾಡಿದರೆ ಕಣ್ಣು ದಾರಿಗೆ ಬರುತ್ತದೆ.

ನಾಮದ ಕೋಳಿ, ಗುಳುಮುಳುಕ, ನೀರುಕಾಗೆ ಮುಳುಗುವ ಹಕ್ಕಿಗಳು. ನೀವು ಎಣಿಸುವಾಗ ಕೆಲವು ನೀರೊಳಗೇ ಇರುತ್ತವೆ. ಅದೇ ತುಂಡನ್ನು ಎರಡು ಸಲ ಎಣಿಸಿ ದೊಡ್ಡ ಸಂಖ್ಯೆಯನ್ನು ಇಟ್ಟುಕೊಳ್ಳಿ. ಎರಡನ್ನೂ ಕೂಡಿಸಬೇಡಿ, ಸರಾಸರಿಯೂ ಬೇಡ.

ಹಾರಿದ ಹಕ್ಕಿಗೆ ಹೀಗೆ: ಇನ್ನೂ ಎಣಿಸದ ಕಡೆಯಿಂದ ಎಣಿಸಿ ಮುಗಿಸಿದ ಕಡೆಗೆ ಹೋದರೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಎಣಿಸಿದ ಕಡೆಯಿಂದ ಮುಂದಕ್ಕೆ ಹೋದರೆ “ವರಟೆ 6 ಮೂರನೇ ಜಾಗಕ್ಕೆ” ಎಂದು ಬರೆದು, ಅಲ್ಲಿ ಆರನ್ನು ಕಳೆಯಿರಿ. ಹದ್ದು, ಗರುಡ ಮೇಲೆ ಸುತ್ತುತ್ತಲೇ ಇರುತ್ತವೆ, ಎಲ್ಲ ಜಾಗದಿಂದಲೂ ಅದೇ ಹದ್ದುಗಳೇ ಕಾಣುತ್ತವೆ. ಅವಕ್ಕೆ ಇಡೀ ಕೆರೆಯ ಮೊತ್ತವಾಗಿ ಯಾವುದಾದರೊಂದು ಜಾಗದಲ್ಲಿ ಅತಿ ಹೆಚ್ಚು ಬಂದ ಸಂಖ್ಯೆಯನ್ನು ಮಾತ್ರ ತೆಗೆದುಕೊಳ್ಳಿ.

ಹಕ್ಕಿಯ ಜೊತೆಗೆ ನೀರನ್ನೂ ಬರೆಯಬೇಕು. ಹಳೇ ಕೆರೆಗಳಲ್ಲಿ ತೂಬಿನ ಕಲ್ಲುಕಂಬ ನಿಂತಿರುತ್ತದೆ, ಇಲ್ಲವೇ ಸೋಪಾನ ಇರುತ್ತದೆ. ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿದೆ ಎಂದು ಪ್ರತಿ ತಿಂಗಳು ಎಣಿಸಿದರೆ ಸಾಕು, ಅದೇ ನಿಮ್ಮ ಅಳತೆಗೋಲು. ಅಂತರಗಂಗೆ ಎಷ್ಟು ಪಾಲು ಹಬ್ಬಿದೆ, ಕಳೆ ತೆಗೆಯುವ ಯಂತ್ರ ಓಡುತ್ತಿದೆಯೇ, ಮೀನಿನ ಗುತ್ತಿಗೆಯವರು ಬಲೆ ಎಳೆಯುತ್ತಿದ್ದಾರೆಯೇ, ನಾಯಿ ಎಷ್ಟು, ಗಣೇಶನ ವಿಸರ್ಜನೆ ಮೊನ್ನೆ ತಾನೇ ಆಯಿತೇ, ಎಲ್ಲವೂ ಒಂದು ಸಾಲಿನಲ್ಲಿ. ಏರೋ ಇಂಡಿಯಾ ನಡೆಯುವ ಫೆಬ್ರವರಿಯಲ್ಲಿ ಯಲಹಂಕದ ಸುತ್ತಿನ ಕೆರೆಗಳಲ್ಲಿ ಎಣಿಸುವವರು ತಾಲೀಮಿನ ದಿನಗಳನ್ನು ತಪ್ಪಿಸುವುದು ಒಳಿತು. ಬೇಸಿಗೆಯ ಮೊದಲ ಜೋರು ಮಳೆ ಚರಂಡಿಯ ಕೊಳೆಯನ್ನೆಲ್ಲ ಕೆರೆಗೆ ತರುತ್ತದೆ. ನೀರಿನ ಆಮ್ಲಜನಕ ಕುಸಿದು ಮೀನು ಸಾಯುತ್ತವೆ, ಸತ್ತ ಮೀನಿಗೆ ಹದ್ದು, ಕಾಗೆ ಮುಗಿಬೀಳುತ್ತವೆ. ಆ ವಾರ ಎಣಿಸಿದ ಹದ್ದಿನ ಸಂಖ್ಯೆಯನ್ನು ಷರಾ ಇಲ್ಲದೆ ಬಿಟ್ಟರೆ, ಮುಂದೆ ಓದುವವರು ಹದ್ದು ಹೆಚ್ಚಾಯಿತೆಂದು ಖುಷಿಪಡುತ್ತಾರೆ.

ಮೋಸಹೋಗುವ ಹಕ್ಕಿಗಳು

ತಪ್ಪು ಹೆಚ್ಚಾಗಿ ನಡೆಯುವುದು ಅಪರೂಪದ ಹಕ್ಕಿಯಲ್ಲಲ್ಲ, ದಿನಾ ಕಾಣುವ ಬೆಳ್ಳಕ್ಕಿಯಲ್ಲಿ. ಬಿಳಿಯದ್ದೆಲ್ಲ “ಬೆಳ್ಳಕ್ಕಿ 40” ಎಂದು ಗೀಚಿಬಿಡುವುದು ಸುಲಭ. ಆದರೆ ನಾಲ್ಕು ಜಾತಿಗಳಿವೆ, ನಾಲ್ಕರ ಊಟದ ಜಾಗವೂ ಬೇರೆ. ಕೊಕ್ಕು ಕಪ್ಪು, ಕಾಲು ಕಪ್ಪು, ಕಾಲ್ಬೆರಳು ಮಾತ್ರ ಅರಿಶಿನ ಮೆತ್ತಿದಂತೆ ಹಳದಿ: ಚಿಕ್ಕ ಬೆಳ್ಳಕ್ಕಿ. ಕಾಲು ನೀರೊಳಗಿದ್ದರೆ ಅದು ಒಂದು ಹೆಜ್ಜೆ ಎತ್ತುವವರೆಗೆ ಕಾಯಿರಿ. ಕುಳ್ಳ ಹಳದಿ ಕೊಕ್ಕು, ಗದ್ದ ಉಬ್ಬಿದ ಮುಖ, ದನದ ಹಿಂದೆಯೋ ಕಸದ ಗುಡ್ಡೆಯ ಮೇಲೋ ಇದ್ದರೆ ಗೋವಕ್ಕಿ. ಉಳಿದ ಎರಡಕ್ಕೂ ಬೆದೆಗಾಲ ಬಿಟ್ಟರೆ ಕೊಕ್ಕು ಹಳದಿ. ಅಲ್ಲಿ ಬಾಯಿಯ ಗೆರೆ ನೋಡಿ: ಗೆರೆ ಕಣ್ಣಿನ ಕೆಳಗೆ ನಿಂತರೆ ಮಧ್ಯಮ ಬೆಳ್ಳಕ್ಕಿ, ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ದೊಡ್ಡ ಬೆಳ್ಳಕ್ಕಿ. ದೊಡ್ಡದರ ಕತ್ತಿನಲ್ಲಿ ಮುರಿದಂತೆ ಕಾಣುವ ಗಂಟೂ ಇರುತ್ತದೆ. ದೂರದಿಂದ ಗೆರೆ ಕಾಣದಿದ್ದರೆ “ಬೆಳ್ಳಕ್ಕಿ, ಜಾತಿ ತಿಳಿಯದು, 12” ಎಂದೇ ಬರೆಯಿರಿ. ಗೊತ್ತಿಲ್ಲ ಎಂದು ಬರೆದರೆ ನಾಚಿಕೆಯೇನಿಲ್ಲ, ಊಹೆಯನ್ನು ಸಂಖ್ಯೆ ಮಾಡಿದರೆ ಇಡೀ ಪಟ್ಟಿಯೇ ಅನುಮಾನಕ್ಕೆ ಬೀಳುತ್ತದೆ.

ನೀರುಕಾಗೆ ಮೂರು. ಕುಳ್ಳ ದಪ್ಪ ಕೊಕ್ಕು, ಗುಂಡುತಲೆ ಇದ್ದರೆ ಕಿರು ನೀರುಕಾಗೆ. ತೆಳ್ಳಗೆ ಉದ್ದನೆಯ ಕೊಕ್ಕು, ನೀಲಿ-ಹಸಿರು ಕಣ್ಣು ಇದ್ದರೆ ಭಾರತೀಯ ನೀರುಕಾಗೆ. ಪಕ್ಕದಲ್ಲಿ ಕೂತರೆ ಉಳಿದೆರಡನ್ನೂ ಮರಿಯಂತೆ ಕಾಣಿಸುವ, ಗದ್ದದ ಹತ್ತಿರ ಹಳದಿ-ಬಿಳಿ ಇರುವ ಹಕ್ಕಿ ದೊಡ್ಡ ನೀರುಕಾಗೆ. ಹಾವಿನಂತೆ ಕತ್ತು ಮಾತ್ರ ನೀರಿನಿಂದ ಹೊರಗಿಟ್ಟು ಈಜಿದರೆ ಅದು ಹಾವಕ್ಕಿ, ನೀರುಕಾಗೆಯ ಸಾಲಿಗೆ ಸೇರಿಸಬೇಡಿ. ಗರುಡನ ಮರಿ ಹದ್ದಿನಂತೆಯೇ ಕಂದು. ಬಾಲ ನೋಡಿ, ತುದಿ ಕವಲೊಡೆದಿದ್ದರೆ ಹದ್ದು, ದುಂಡಗಿದ್ದರೆ ಗರುಡ.

ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ. ಅದನ್ನು ಸುಳಿವೆಂದು ತೆಗೆದುಕೊಳ್ಳಿ, ಸಾಕ್ಷಿ ಎಂದಲ್ಲ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ, ಆ್ಯಪ್ ಅನುಕರಣೆಯನ್ನೇ ನಂಬುತ್ತದೆ. ಹೆಬ್ಬಾಳದಂತೆ ಮೇಲ್ಸೇತುವೆಯ ಪಕ್ಕದಲ್ಲಿರುವ ಕೆರೆಯಲ್ಲಿ ವಾಹನದ ಸದ್ದಿಗೆ ಸಿಂಪಿಗ, ಉಲಿಯಕ್ಕಿಯ ದನಿ ನಿಮಗೂ ಕೇಳುವುದಿಲ್ಲ, ಆ್ಯಪ್‌ಗೂ ಕೇಳುವುದಿಲ್ಲ. ಅಲ್ಲಿನ ಸಣ್ಣ ಹಕ್ಕಿಗಳ ಪಟ್ಟಿಯನ್ನು ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಆವರಣದ ಪಟ್ಟಿಯ ಜೊತೆ ಹೋಲಿಸಲು ಹೋಗಬೇಡಿ. ಜೊಂಡಿನೊಳಗಿನ ಹಕ್ಕಿಯನ್ನು ಹೊರಗೆಳೆಯಲು ಫೋನಿನಲ್ಲಿ ಅದರ ಕೂಗು ಹಾಕುವುದಂತೂ ಬೇಡವೇ ಬೇಡ. ಗೂಡು ಬಿಟ್ಟು ಬರುತ್ತದೆ, ಅಷ್ಟರಲ್ಲಿ ಕಾಗೆ ಒಳಗೆ ಹೊಕ್ಕಿರುತ್ತದೆ.

ಇ-ಬರ್ಡ್‌ಗೆ ಹಾಕುವಾಗ

ಇ-ಬರ್ಡ್ ಎಂದರೆ ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ಸೇರಿಸುವ ಜಾಲತಾಣ, ಆ್ಯಪ್. ಅದರಲ್ಲಿ ಪ್ರತಿ ಜಾಗಕ್ಕೂ ಬೇರೆ ಪಟ್ಟಿ ಮಾಡಿ, ‘ಸ್ಟೇಷನರಿ’ (ಒಂದೇ ಕಡೆ ನಿಂತು ನೋಡಿದ್ದು) ಎಂದು ಆರಿಸಿ. ಒಂದು ಜಾಗದಲ್ಲಿ ನಾಯಿಗಳು ನುಗ್ಗಿ ಎಲ್ಲ ಹಾರಿಹೋದರೆ ಆ ಒಂದನ್ನು ಬಿಟ್ಟು ಮಿಕ್ಕವನ್ನು ಉಳಿಸಿಕೊಳ್ಳಬಹುದು. ಕೊನೆಗೆ ಅದು ಕೇಳುವ ಪ್ರಶ್ನೆ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು. ಕಾಗೆ, ಪಾರಿವಾಳ, ಗೊರವಂಕ ಬಿಟ್ಟಿದ್ದರೆ ‘ಹೌದು’ ಒತ್ತಬೇಡಿ. ಪೂರ್ಣ ಪಟ್ಟಿಯಿಂದ ಮಾತ್ರ “ನೋಡಿದರೂ ಇರಲಿಲ್ಲ” ಎಂಬುದು ತಿಳಿಯುತ್ತದೆ, ಸಂಶೋಧನೆಗೆ ಸಿಕ್ಕ ಹಕ್ಕಿಯಷ್ಟೇ ಸಿಗದ ಹಕ್ಕಿಯೂ ಬೇಕು. ಸಂಖ್ಯೆಯ ಬದಲು ‘ಎಕ್ಸ್’ ಹಾಕುವ ಸೌಲಭ್ಯವಿದೆ, ಕೆರೆ ಎಣಿಕೆಯಲ್ಲಿ ಅದನ್ನು ಮರೆತುಬಿಡಿ.

ಪದೇ ಪದೇ ಆಗುವ ಎಡವಟ್ಟುಗಳು ಇವು. ಪುಟ್ಟೇನಹಳ್ಳಿ ಕೆರೆ ಬೆಂಗಳೂರಿನಲ್ಲಿ ಎರಡಿವೆ, ಒಂದು ಯಲಹಂಕದಲ್ಲಿ, ಇನ್ನೊಂದು ಜೆ.ಪಿ. ನಗರದಲ್ಲಿ. ಹೆಸರು ನೋಡಿ ಒತ್ತಿದರೆ ದಕ್ಷಿಣದ ಹಕ್ಕಿ ಉತ್ತರಕ್ಕೆ ಹಾರುತ್ತದೆ, ನಕ್ಷೆ ನೋಡಿಯೇ ಜಾಗ ಆರಿಸಿ. ನಡೆಯುತ್ತಾ ಪಟ್ಟಿ ಮಾಡುವವರು ಆ್ಯಪ್‌ನ ಟ್ರ್ಯಾಕ್ (ದೂರ ಅಳೆಯುವ ಸೌಲಭ್ಯ) ನಿಲ್ಲಿಸದೆ ಬೈಕ್ ಹತ್ತಿ ಮನೆಗೆ ಹೋದರೆ, ಎರಡು ಕಿಲೋಮೀಟರ್ ನಡಿಗೆ ಹದಿನಾಲ್ಕಾಗಿ ದಾಖಲಾಗುತ್ತದೆ. ಗುಂಪಿನ ಐವರೂ ತಮ್ಮ ತಮ್ಮ ಪಟ್ಟಿ ಕಳಿಸಿದರೆ ನಲವತ್ತು ಹೆಜ್ಜಾರ್ಲೆ ಇನ್ನೂರಾಗುತ್ತದೆ. ಒಬ್ಬರು ಕಳಿಸಿ, ಉಳಿದವರಿಗೆ ‘ಶೇರ್’ ಮಾಡಿ. ಗೂಬೆ, ಹಾಲಕ್ಕಿಯ ಗೂಡಿನ ಮರ ಯಾವುದೆಂದು ಷರಾದಲ್ಲಿ ಬರೆಯಬೇಡಿ. ಮರುದಿನ ಕ್ಯಾಮೆರಾಗಳ ಸಂತೆ ನೆರೆಯುತ್ತದೆ.

ಸಂಜೆಯ ಎಣಿಕೆ

ಬೆಳ್ಳಕ್ಕಿ, ಕೆಂಬರಲು (ಐಬಿಸ್), ನೀರುಕಾಗೆ ಹಗಲೆಲ್ಲ ಹತ್ತು ಕಡೆ ಮೇಯ್ದು ರಾತ್ರಿ ಒಂದು ನಡುಗಡ್ಡೆಗೆ ಸೇರುತ್ತವೆ. ಅವುಗಳ ನಿಜವಾದ ಸಂಖ್ಯೆ ಬೇಕಿದ್ದರೆ ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಹೋಗಿ ಕತ್ತಲಾಗುವವರೆಗೆ ನಿಲ್ಲಿ. ಆಕಾಶವನ್ನು ದಿಕ್ಕಿನಂತೆ ಹಂಚಿಕೊಳ್ಳಿ, ಒಬ್ಬರಿಗೆ ಒಂದು ದಿಕ್ಕು. ಹತ್ತು ಹತ್ತು ನಿಮಿಷಕ್ಕೆ ಗೆರೆ ಎಳೆದು ಒಳಬಂದವನ್ನು ಬರೆಯಿರಿ, ಹೊರಹೋದವನ್ನು ಕಳೆಯಿರಿ. ಇರುಳು ಬಕ ಮಾತ್ರ ಉಲ್ಟಾ, ಉಳಿದವು ಬರುವ ಹೊತ್ತಿಗೆ ಅದು ಕೆಲಸಕ್ಕೆ ಹೊರಡುತ್ತದೆ. ಮುಂಗಾರಿನಲ್ಲಿ ಇದೇ ನಡುಗಡ್ಡೆಯಲ್ಲಿ ಗೂಡು ಕಟ್ಟಿದ್ದರೆ ದಂಡೆಯಲ್ಲೇ ನಿಲ್ಲಿ, ದೋಣಿ ಬೇಡ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿದ ಹಕ್ಕಿ ಕಂಡರೆ ದಾರ ಎಳೆಯಬೇಡಿ. ಎರಡೂ ಬದಿ ಉದ್ದ ಬಿಟ್ಟು ಕತ್ತರಿಸಿ, ಮೇಲೆ ಬಟ್ಟೆ ಹಾಕಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೀರು-ಅನ್ನ ಬಾಯಿಗೆ ಹಾಕದೆ, ರಕ್ಷಣಾ ತಂಡಕ್ಕೆ ಒಪ್ಪಿಸಿ.

ವರ್ಷದ ಕೊನೆಗೆ

ಅಕ್ಟೋಬರಿನಿಂದ ಮಾರ್ಚಿನವರೆಗೆ ಉತ್ತರದಿಂದ ವಲಸೆ ಬಾತುಗಳು, ಗದ್ದೆಗೊರವಗಳು, ಕುಂಡೆಕುಸ್ಕಗಳು ಬಂದಿರುತ್ತವೆ. ಹಾಗಾಗಿ ಜನವರಿಯನ್ನು ಜೂನಿನ ಜೊತೆ ಹೋಲಿಸಿ “ಅರ್ಧಕ್ಕರ್ಧ ಕುಸಿತ” ಎಂದು ಬರೆಯುವುದು ಮೋಸ. ಜನವರಿಗೆ ಜನವರಿ, ಜೂನಿಗೆ ಜೂನ್. ಏಷ್ಯನ್ ನೀರುಹಕ್ಕಿ ಗಣತಿ ನಡೆಯುವುದೂ ಜನವರಿಯಲ್ಲೇ, ನಿಮ್ಮ ಆ ತಿಂಗಳ ಎಣಿಕೆ ಅದಕ್ಕೂ ಆಗುತ್ತದೆ.

ಒಟ್ಟು ಮೊತ್ತವನ್ನಷ್ಟೇ ನೋಡಬೇಡಿ. ಹಕ್ಕಿಗಳನ್ನು ನಾಲ್ಕು ಗುಂಪು ಮಾಡಿ: ತೆರೆದ ಆಳ ನೀರಿರುವ ಕಡೆ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿ, ಹೆಜ್ಜಾರ್ಲೆ; ನೀರಿನ ಮೇಲೆ ಮೇಯುವ ಬಾತು, ನಾಮದ ಕೋಳಿ; ಗೇಣುದ್ದ ನೀರು, ಕೆಸರು ಬೇಕಾದ ಗದ್ದೆಗೊರವ, ಕೆಂಬರಲು, ಬಣ್ಣದ ಕೊಕ್ಕರೆ; ಜೊಂಡು ಮತ್ತು ತೇಲುವ ಎಲೆ ಬೇಕಾದ ಜಂಬುಕೋಳಿ, ದೇವನಕ್ಕಿ. ಕೆರೆಯನ್ನು ಬಟ್ಟಲಿನಂತೆ ಕಡಿದಾಗಿ ತೋಡಿ ಸುತ್ತ ಕಲ್ಲು ಕಟ್ಟಿದಾಗ ಮೊದಲ ಗುಂಪು ಏರುತ್ತದೆ, ಮೂರನೆಯದು ಹೋಗಿಬಿಡುತ್ತದೆ. ಮೊತ್ತ ಮಾತ್ರ ಅಲ್ಲಿಗಲ್ಲಿಗೆ ಸರಿಹೋಗಿ, ಏನೂ ಆಗಿಲ್ಲವೆನ್ನುವಂತೆ ಕಾಣುತ್ತದೆ. ನಾಲ್ಕು ಗುಂಪಿಗೆ ನಾಲ್ಕು ಗೆರೆ ಎಳೆದು, ಕೆಳಗೆ ನೀರಿನ ಮೇಲೆ ಕಂಡ ಮೆಟ್ಟಿಲಿನ ಲೆಕ್ಕ ಹಾಕಿ ಒಂದೇ ಹಾಳೆಯಲ್ಲಿ ಕೊಟ್ಟರೆ ಎಂಜಿನಿಯರ್‌ಗೂ ಅರ್ಥವಾಗುತ್ತದೆ. ಯಾವ ದಂಡೆಯಲ್ಲಿ ಇಳಿಜಾರು ಬಿಡಬೇಕು, ಎಷ್ಟು ಜೊಂಡು ಉಳಿಸಬೇಕು ಎಂದು ನಿಮ್ಮ ನಿಲ್ಲುವ ಜಾಗಗಳ ನಕ್ಷೆಯ ಮೇಲೆಯೇ ಬೆರಳಿಟ್ಟು ತೋರಿಸಬಹುದು.